ಟೈರು ಮರಗಟ್ಟುವ ಕಾಲ

ಕಳೆದ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ, ಜರ್ಮನಿಯ ಮ್ಯೂನಿಕ್‌ನ ಅಂಚಿನಲ್ಲಿರುವ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ಕೇಳಿದರು, "ಟೈರ್ ಬದಲಾಯಿಸಿದ್ರಾ?" ಹೊರಗೆ ಒಳ್ಳೆ ಬಿಸಿಲಿತ್ತು. ಮರಗಳಲ್ಲಿ ಇನ್ನೂ ಎಲೆ ಇದ್ದವು. ನಾನು ವಸಂತದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಟೈರುಗಳು ಹೆಚ್ಚುಕಮ್ಮಿ ಹೊಸವು. ಕಾರು ಮಾರಿದವರು ಜೊತೆಗೆ ಚಳಿಗಾಲಕ್ಕೆಂದೇ ಮಾಡಿದ ಹಳೆಯ ವಿಂಟರ್ ಟೈರ್ ನಾಲ್ಕನ್ನು ಪುಕ್ಕಟೆ ಕೊಟ್ಟಿದ್ದರು. ಅವು ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದವು.

ಸಂಜೆ ಹಾಸನಕ್ಕೆ ಫೋನ್ ಮಾಡಿದಾಗ ಅಣ್ಣನಿಗೆ ಹೇಳಿದೆ. "ಸವೆದಿಲ್ಲ ಅಂದ್ಮೇಲೆ ಯಾಕೋ ಬದಲಾಯಿಸ್ತೀಯಾ? ವರ್ಷಕ್ಕೆ ಎಷ್ಟು ದಿನ ಸ್ನೋ ಬೀಳುತ್ತೆ ಅಲ್ಲಿ?" ಅಂದ. ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರ ಹುಡುಕುತ್ತಾ ಹೋದರೆ ಸ್ನೋ ಎರಡನೆಯ ವಿಷಯ, ಮೊದಲನೆಯದು ರಬ್ಬರ್.

ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಅಲ್ವಾ? ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿ, ಮೇಲೆ ಬಂದರೆ ನೀರು. ಅಲ್ಲೊಂದು ಗಡಿ ಇದೆ. ರಬ್ಬರ್ ಹಾಗಲ್ಲ. ಅದು ಚಿಕ್ಕಿಯ ಪಾಕದ ಥರ. ಒಲೆಯಿಂದ ಇಳಿಸಿದಾಗ ಪಾಕ ಸುರಿಯುತ್ತದೆ. ಸ್ವಲ್ಪ ಆರಿದರೆ ಎಳೆಯಬಹುದು, ಇನ್ನೂ ಆರಿದರೆ ಬೆರಳಿಗೆ ಅಂಟುತ್ತದೆ. ಕೊನೆಗೆ ಬಡಿದರೆ ಗಾಜಿನಂತೆ ಚೂರಾಗುತ್ತದೆ. ಈ ಕ್ಷಣದಲ್ಲಿ ಗಟ್ಟಿಯಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ವಿಜ್ಞಾನಿಗಳು ಇದನ್ನು ಗಾಜಾಗುವಿಕೆ ಎಂದೇ ಕರೆಯುತ್ತಾರೆ.

ರಬ್ಬರಿನ ಅಣುಗಳು ಉದ್ದನೆಯ ಸರಪಳಿಗಳು, ಪಾತ್ರೆ ತುಂಬ ಸಿಕ್ಕುಬಿದ್ದ ಶಾವಿಗೆಯಂತೆ. ಅವುಗಳನ್ನು ಅಲ್ಲಲ್ಲಿ ಗಂಧಕದಿಂದ ಗಂಟು ಹಾಕುವ ವಿದ್ಯೆ 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್‌ಗೆ ಒಲಿಯಿತು. ಅಲ್ಲಿಂದ ರಬ್ಬರ್ ಎಳೆದರೂ ಮತ್ತೆ ಮೊದಲಿನ ಆಕಾರಕ್ಕೆ ಬರುವ ವಸ್ತುವಾಯಿತು. ಬಿಸಿಯಲ್ಲಿ ಈ ಸರಪಳಿಗಳು ಸದಾ ಮಿಸುಕಾಡುತ್ತಿರುತ್ತವೆ. ಚಳಿ ಏರಿದಂತೆ ಮಿಸುಕಾಟ ನಿಧಾನವಾಗುತ್ತದೆ. ನಮ್ಮ ಕೈಬೆರಳು ಚಳಿಗೆ ಮರಗಟ್ಟುತ್ತದಲ್ಲ, ಹಾಗೆ. ನೈಸರ್ಗಿಕ ರಬ್ಬರ್ ಪೂರ್ತಿ ಗಾಜಾಗುವುದು ಮೈನಸ್ 70 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾದರೆ ಐದು ಡಿಗ್ರಿಯ ಮ್ಯೂನಿಕ್‌ನಲ್ಲಿ ಚಿಂತೆ ಯಾಕೆ?

ಇಲ್ಲೇ ವಿಷಯ ಸ್ವಾರಸ್ಯವಾಗುವುದು. ಟೈರು ರಸ್ತೆಯನ್ನು ಹಿಡಿಯುವುದು ಬರೀ ಒತ್ತುವುದರಿಂದಲ್ಲ. ಡಾಂಬರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿ, ದಿಬ್ಬಗಳಿವೆ. ರಬ್ಬರ್ ಅವುಗಳೊಳಗೆ ಇಳಿದು, ಮತ್ತೆ ಮೇಲೆದ್ದು ಬರಬೇಕು. ಬ್ರೇಕ್ ಹಾಕಿದಾಗ ಟೈರಿನ ಒಂದು ಚೂರಿಗೆ ಈ ಇಳಿಯುವ ಏಳುವ ಕಸರತ್ತು ಸೆಕೆಂಡಿಗೆ ಸಾವಿರಾರು ಸಲ, ಕೆಲವೊಮ್ಮೆ ಲಕ್ಷಾಂತರ ಸಲ ನಡೆಯುತ್ತದೆ. ಅಷ್ಟು ಅವಸರ ಮಾಡಿದರೆ ಸರಪಳಿಗಳಿಗೆ ಮಿಸುಕಲು ಪುರುಸೊತ್ತೇ ಇರುವುದಿಲ್ಲ. ಅವಸರ ಮತ್ತು ಚಳಿ ಎರಡೂ ರಬ್ಬರಿನ ಮೇಲೆ ಮಾಡುವ ಪರಿಣಾಮ ಒಂದೇ. ಕೈಯಲ್ಲಿ ಹಿಡಿದರೆ ಮೆತ್ತಗಿರುವ ರಬ್ಬರ್, ರಸ್ತೆಗೆ ಮಾತ್ರ ತನ್ನ ನಿಜವಾದ ಉಷ್ಣಾಂಶಕ್ಕಿಂತ ಎಷ್ಟೋ ಡಿಗ್ರಿ ತಣ್ಣಗಿರುವಂತೆ ವರ್ತಿಸುತ್ತದೆ. ಹಾಗಾಗಿ ಉಗುರಿನಿಂದ ಒತ್ತಿ ನೋಡಿ "ಮೆತ್ತಗಿದೆ ಬಿಡಿ" ಅನ್ನುವ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ. ನಾನೂ ಮಾಡಿ ನೋಡಿದ್ದೆ, ಸುಮ್ನೆ ಉಗುರು ಕಪ್ಪಾಯಿತು.

ಚಳಿಯಲ್ಲಿ ರಬ್ಬರ್ ಎಷ್ಟು ಸೋಮಾರಿಯಾಗುತ್ತದೆ ಎಂಬುದನ್ನು ಜಗತ್ತಿಗೇ ತೋರಿಸಿದವರು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್. 1986ರ ಜನವರಿ 28ರ ಚಳಿಯ ಬೆಳಿಗ್ಗೆ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಛಿದ್ರವಾಗಿ ಏಳು ಜನ ತೀರಿಹೋದರು. ತನಿಖೆಯ ಸಭೆಯಲ್ಲಿ ಫೈನ್‌ಮನ್, ರಾಕೆಟ್ಟಿನ ಕೀಲಿನಲ್ಲಿ ಬಳಸುವ ರಬ್ಬರ್ ಉಂಗುರದ ತುಂಡನ್ನು ಬಿಗಿಯಾಗಿ ಒತ್ತಿಹಿಡಿದು ಐಸ್ ನೀರಿನ ಲೋಟದಲ್ಲಿ ಅದ್ದಿದರು. ಹೊರತೆಗೆದು ಬಿಟ್ಟಾಗ ಅದು ತಕ್ಷಣ ಹಿಂದಿನ ಆಕಾರಕ್ಕೆ ಬರಲಿಲ್ಲ. ಸೊನ್ನೆ ಡಿಗ್ರಿಯಲ್ಲಿ ಅದು ಗಾಜಾಗಿರಲಿಲ್ಲ, ತಡವಾಗಿ ಎದ್ದಿತು ಅಷ್ಟೇ. ಕೀಲಿನಿಂದ ಬಿಸಿ ಅನಿಲ ಸೋರಲು ಆ ತಡವೇ ಸಾಕಾಗಿತ್ತು.

ವಿಂಟರ್ ಟೈರ್ ಮಾಡುವವರು ಈ ಪಾಕವನ್ನೇ ಬದಲಾಯಿಸುತ್ತಾರೆ. ಇನ್ನೂ ಕಡಿಮೆ ಉಷ್ಣಾಂಶದಲ್ಲಿ ಗಾಜಾಗುವ ರಬ್ಬರ್ ಜಾತಿ, ಸಿಲಿಕಾ ಪುಡಿ, ಎಣ್ಣೆ, ರಾಳಗಳನ್ನು ಹದವಾಗಿ ಬೆರೆಸುತ್ತಾರೆ. ಈ ರಬ್ಬರ್ ಚಳಿಯಲ್ಲೂ ಮಿಸುಕಾಡುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಬೇಸಿಗೆಯಲ್ಲಿ ಜಾಸ್ತಿ ಮೆತ್ತಗಾಗಿ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದರೆ ಇನ್ನೂ ಮುಂದಕ್ಕೆ ಹೋಗಿ ನಿಲ್ಲುತ್ತದೆ.

ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು "ಏಳು ಡಿಗ್ರಿ." ಏಳಕ್ಕಿಂತ ಕೆಳಗೆ ಹೋದರೆ ವಿಂಟರ್ ಟೈರ್ ಅಂತೆ. ಮಜಾ ನೋಡಿ, ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಅಂದರೆ ಆ ದಾಖಲೆಯ ದಿನವೂ ಬೆಂಗಳೂರು ಜರ್ಮನ್ನರ ಲೆಕ್ಕಕ್ಕೆ ಸಿಕ್ಕುತ್ತಿರಲಿಲ್ಲ. ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ, ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದಿದ್ದು 1886ರಲ್ಲಿ! ತಮಾಷೆ ಇರಲಿ. ಚಿಕ್ಕಿ ಪಾಕದ ಕಥೆ ಒಪ್ಪಿದ ಮೇಲೆ ಏಳು ಎಂಬ ಗಡಿಯನ್ನು ಒಪ್ಪುವುದು ಕಷ್ಟ. ಏಳೂವರೆಗೆ ಚೆನ್ನಾಗಿದ್ದ ಟೈರು ಆರೂವರೆಗೆ ಕೈಕೊಡುವುದಿಲ್ಲ. ರಸ್ತೆ ಒಣಗಿದ್ದರೆ ಒಳ್ಳೆಯ ಸಮ್ಮರ್ ಟೈರ್ ಐದು ಡಿಗ್ರಿಯಲ್ಲೂ ವಿಂಟರ್ ಟೈರಿಗಿಂತ ಚೆನ್ನಾಗಿಯೇ ನಿಲ್ಲಬಹುದು. ಏಳು ಡಿಗ್ರಿ ಎಂಬುದು ಕ್ಯಾಲೆಂಡರಿನ ನೆನಪೋಲೆ. ಹಗಲು ಏಳಿದ್ದರೆ ಮುಂಜಾನೆ ಸೊನ್ನೆ ಇದ್ದೀತು, ಗ್ಯಾರೇಜಿಗೆ ಫೋನ್ ಮಾಡು ಎಂದು ಹೇಳುತ್ತದೆ, ಅಷ್ಟೇ. ಜರ್ಮನ್ನರಿಗೆ ಇದಕ್ಕೂ ಒಂದು ಗಾದೆಯಿದೆ: "ಓಯಿಂದ ಓವರೆಗೆ." ಮೊದಲ ಓ ಅಕ್ಟೋಬರ್. ಎರಡನೆಯದು ಓಸ್ಟರ್ನ್, ಅಂದರೆ ಈಸ್ಟರ್ ಹಬ್ಬ.

ಸ್ನೋ ಬಿದ್ದಾಗ ಮಾತ್ರ ಚರ್ಚೆಗೆ ಜಾಗವಿಲ್ಲ. ಅಲ್ಲಿ ರಬ್ಬರಿನ ಜೊತೆ ಕೆತ್ತನೆಯೂ ಸೇರುತ್ತದೆ. ವಿಂಟರ್ ಟೈರಿನ ಬಟನ್‌ಗಳ ಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಟೈರು ನೆಲಕ್ಕೆ ಒತ್ತಿದಾಗ ಅವು ಬಾಯಿ ತೆರೆದು ಸ್ನೋವನ್ನು ಕಚ್ಚುತ್ತವೆ. ಅಗಲವಾದ ತೋಡುಗಳಲ್ಲಿ ಸ್ನೋ ತುಂಬಿ ಗಟ್ಟಿಯಾಗಿ ಕೂರುತ್ತದೆ. ಮೊದಲ ಸಲ ನೋಡಿದಾಗ ನಾನು ಅದನ್ನು ಕೆರೆದು ತೆಗೆಯಲು ಹೊರಟಿದ್ದೆ. ನಮ್ಮೂರಲ್ಲಿ ಟೈರಿಗೆ ಕೆಸರು ಮೆತ್ತಿಕೊಂಡರೆ ಜಾರುತ್ತದೆ ತಾನೆ? ಆದರೆ ಸ್ನೋ ಬೇರೆ. ಸ್ನೋಗೆ ಅಂಟಲು ಸ್ನೋಗಿಂತ ಒಳ್ಳೆಯ ವಸ್ತು ಕಡಿಮೆ. ಇಲ್ಲದಿದ್ದರೆ ಮಕ್ಕಳು ಉಂಡೆ ಕಟ್ಟಿ ಎಸೆಯಲು ಆಗುತ್ತಿರಲಿಲ್ಲ. ಟೈರಿನ ತೋಡಿನಲ್ಲಿರುವ ಸ್ನೋ ನೆಲದ ಸ್ನೋವನ್ನು ಹಿಡಿಯುತ್ತದೆ.

ಈಗ ಹೈಸ್ಕೂಲಿನ ಒಂದು ಲೆಕ್ಕ. ಬ್ರೇಕ್ ಹಾಕಿದ ಮೇಲೆ ಕಾರು ಓಡುವ ದೂರ, ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ಘರ್ಷಣೆಗೆ ತಕ್ಕಂತೆ ಕಡಿಮೆಯಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗ ಇಟ್ಟುಕೊಳ್ಳಿ. ಒಣ ಡಾಂಬರಿನಲ್ಲಿ ಘರ್ಷಣಾಂಕ (ಹಿಡಿತದ ಅಳತೆ) 0.8 ಎಂದು ಹಿಡಿದರೆ ಸುಮಾರು 12 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ತುಳಿದು ಗಟ್ಟಿಯಾದ ಸ್ನೋ ಮೇಲೆ ಅಂಕ 0.3 ಸಿಕ್ಕರೆ 33 ಮೀಟರ್, 0.2 ಸಿಕ್ಕರೆ 49. ಬರೀ ಐಸ್ ಮೇಲೆ 0.1 ಆದರೆ ನೂರು ಮೀಟರಿನ ಹತ್ತಿರ. ಕಾಲು ಬ್ರೇಕಿಗೆ ಹೋಗುವ ಮೊದಲ ಒಂದು ಸೆಕೆಂಡಿನ 14 ಮೀಟರ್ ಇದರಲ್ಲಿ ಸೇರಿಲ್ಲ.

ಈ ಅಂಕಿಗಳು ಟೈರಿನಿಂದ ಟೈರಿಗೆ, ಸ್ನೋದಿಂದ ಸ್ನೋಗೆ ಬದಲಾಗುತ್ತವೆ. ಆದರೆ ಲೆಕ್ಕದಲ್ಲಿ ಅಡಗಿರುವ ಒಂದು ಸಂಗತಿ ಬದಲಾಗುವುದಿಲ್ಲ. 0.3 ಹಿಡಿತದ ಕಾರು ಪೂರ್ತಿ ನಿಂತ ಜಾಗಕ್ಕೆ 0.2 ಹಿಡಿತದ ಕಾರು ಬಂದಾಗ ಅದರ ವೇಗ ಎಷ್ಟಿರುತ್ತದೆ? ನಾನು ಹತ್ತೋ ಹದಿನೈದೋ ಅಂದುಕೊಂಡಿದ್ದೆ. ಉತ್ತರ 29 ಕಿಲೋಮೀಟರ್. ಮೂರರಲ್ಲಿ ಎರಡು ಪಾಲು ಶಕ್ತಿ ಖರ್ಚಾಗಿ ಒಂದು ಪಾಲು ಮಾತ್ರ ಉಳಿದಿದೆ, ನಿಜ. ಆದರೆ ವೇಗ ಆ ಉಳಿದ ಪಾಲಿನ ವರ್ಗಮೂಲದಂತೆ ಇಳಿಯುತ್ತದೆ. ಒಬ್ಬರ ಕಾರು ರಸ್ತೆ ದಾಟುವ ಮಗುವಿನ ಮುಂದೆ ನಿಂತಿದೆ, ಇನ್ನೊಬ್ಬರದು ಅದೇ ಜಾಗದಲ್ಲಿ 29ರಲ್ಲಿದೆ. ಈ ಉತ್ತರ ಬಂದ ಮೇಲೆ ಅಣ್ಣನ ಜೊತೆ ವಾದ ಮಾಡುವ ಹುಮ್ಮಸ್ಸು ಹೋಯಿತು.

ಐಸ್ ಕಥೆಯೇ ಬೇರೆ. ಸೊನ್ನೆಯ ಹತ್ತಿರದ ಐಸ್, ಮೈನಸ್ 20ರ ಐಸಿಗಿಂತ ಟೈರಿಗೆ ಹೆಚ್ಚು ಜಾರು. ಮೇಲ್ಪದರದ ಅಣುಗಳು ಆಗಲೇ ಸಡಿಲವಾಗಿರುತ್ತವೆ, ಟೈರಿನ ಉಜ್ಜಾಟಕ್ಕೆ ಕರಗಿ ನೀರಿನ ತೆಳು ಹಾಳೆಯಾಗುತ್ತವೆ. ವಿಂಟರ್ ಟೈರಿನ ಸೀಳುಗಳು ಆ ನೀರನ್ನು ಸ್ವಲ್ಪ ಹೀರುತ್ತವೆ, ಆದರೆ ಪವಾಡ ಮಾಡುವುದಿಲ್ಲ. ಫಿನ್ಲೆಂಡ್, ಸ್ವೀಡನ್‌ನಲ್ಲಿ ಟೈರಿಗೆ ಲೋಹದ ಮೊಳೆ ಹೊಡೆಸಿಕೊಳ್ಳುತ್ತಾರೆ. ಮೊಳೆಗಳು ರಸ್ತೆಯನ್ನೂ ಕೆರೆದು ಹಾಕುವುದರಿಂದ ಜರ್ಮನಿಯಲ್ಲಿ 1975ರಿಂದ ಅವಕ್ಕೆ ನಿಷೇಧವಿದೆ. ಅಂದ ಹಾಗೆ, ವಿಂಟರ್ ಟೈರನ್ನು ಮೊದಲು ಮಾಡಿದ್ದೂ ಫಿನ್ಲೆಂಡಿನವರೇ. 1934ರಲ್ಲಿ ಲಾರಿಗೆ, ಎರಡು ವರ್ಷದ ಮೇಲೆ ಕಾರಿಗೆ. ಆ ಕಂಪನಿಯೇ ಇಂದಿನ ನೋಕಿಯನ್ ಟೈರ್ಸ್.

"ನಂದು ಫೋರ್ ವೀಲ್ ಡ್ರೈವ್, ನಂಗೇನೂ ಆಗಲ್ಲ" ಅನ್ನುವ ಗೆಳೆಯರೊಬ್ಬರಿದ್ದಾರೆ. ನಾಲ್ಕು ಚಕ್ರಕ್ಕೂ ಇಂಜಿನ್ ಬಲ ಹೋಗುವುದು ಹೊರಡಲು ಸಹಾಯ. ನಿಲ್ಲುವಾಗ ಎಲ್ಲ ಕಾರಿಗೂ ನಾಲ್ಕು ಚಕ್ರದಲ್ಲೂ ಬ್ರೇಕ್ ಇದ್ದೇ ಇದೆ. ಹಾಗೆಯೇ ದುಡ್ಡು ಉಳಿಸಲು ಮುಂದಿನ ಎರಡಕ್ಕೆ ಮಾತ್ರ ವಿಂಟರ್ ಟೈರ್ ಹಾಕುವುದು ಹಾಕದೇ ಇರುವುದಕ್ಕಿಂತ ಕೆಟ್ಟದಾಗಬಹುದು. ಮುಂದಿನದು ಹಿಡಿದು ಹಿಂದಿನದು ಜಾರಿದರೆ ತಿರುವಿನಲ್ಲಿ ಕಾರು ಬುಗುರಿಯಾಗುತ್ತದೆ.

ಕಾನೂನು ಏನನ್ನುತ್ತದೆ? ಜರ್ಮನಿಯಲ್ಲಿ ಇಂಥ ತಾರೀಕಿನಿಂದ ಎಂಬ ಕಡ್ಡಾಯವಿಲ್ಲ. ರಸ್ತೆಯಲ್ಲಿ ಸ್ನೋ, ಐಸ್, ಕೆಸರುಹಿಮ ಇದ್ದಾಗ ಸರಿಯಾದ ಟೈರಿಲ್ಲದೆ ಕಾರು ಓಡಿಸಬಾರದು. ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಖಾತೆಗೆ ಒಂದು ಪಾಯಿಂಟ್. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಟೈರಿನ ಮೇಲಿರಬೇಕು. ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಸ್ನೋ) ಎಂದು ಬರೆದ ಹಳೆಯ ಟೈರುಗಳ ಕಾಲ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಪಕ್ಕದ ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ರಸ್ತೆಗೆ ಇದೇ ಥರದ ನಿಯಮ, ಜೊತೆಗೆ ಟೈರಿನ ತೋಡಿನ ಆಳ ಕನಿಷ್ಠ 4 ಮಿಲಿಮೀಟರ್ ಇರಬೇಕು.

ಈ ಜರ್ಮನ್ ನಿಯಮದ ಅರ್ಥ ನನಗೆ ಹೊಳೆದಿದ್ದು ತಡವಾಗಿ. ನಿಲ್ಲಿಸಿದ ಕಾರಿಗೆ ವಿಂಟರ್ ಟೈರ್ ಬೇಕಿಲ್ಲ. ಹಾಗಾಗಿ ಕೇಳಬೇಕಾದ್ದು ವರ್ಷಕ್ಕೆ ಎಷ್ಟು ದಿನ ಸ್ನೋ ಬೀಳುತ್ತದೆ ಎಂದಲ್ಲ, ಆ ದಿನ ಕಾರು ತೆಗೆಯದೆ ಇರಲು ಆಗುತ್ತದಾ ಎಂದು. ಊರೊಳಗೆ, ಮನೆ ಮುಂದೆಯೇ ಟ್ರಾಮ್ ಇರುವ ನನ್ನ ಸಹೋದ್ಯೋಗಿ ನಾಲ್ಕು ಸೀಸನ್ನಿಗೂ ಆಗುವ ಟೈರ್ ಹಾಕಿಸಿಕೊಂಡು ಆರಾಮಾಗಿದ್ದಾಳೆ. ಆ ಟೈರು ಎರಡೂ ಕಾಲದಲ್ಲಿ ಸುಮಾರಾಗಿ ಓಡುತ್ತದೆ. ಸ್ನೋ ಜೋರಾದ ದಿನ ಅವಳು ಟ್ರಾಮ್ ಹತ್ತುತ್ತಾಳೆ. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅನಿಸಿಕೆ. ನಮ್ಮ ಮನೆಯ ಕಥೆ ಬೇರೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಬೆಳಗಿನ ಶಿಫ್ಟ್, ಆರಕ್ಕೆ ಅಲ್ಲಿರಬೇಕು. ರಸ್ತೆಗೆ ಉಪ್ಪು ಹಾಕುವ ಲಾರಿ ಅಷ್ಟು ಹೊತ್ತಿಗೆ ನಮ್ಮ ಬೀದಿಗೆ ಬಂದಿರುವುದಿಲ್ಲ.

ಖರ್ಚಿನ ಬಗ್ಗೆ ಅಣ್ಣನಿಗೆ ಒಂದು ಸಮಾಧಾನ ಹೇಳಿದೆ. ವಿಂಟರ್ ಟೈರ್ ಓಡುವಾಗ ಸಮ್ಮರ್ ಟೈರ್ ಸವೆಯುವುದಿಲ್ಲ. ಎರಡು ಸೆಟ್ ಕೊಂಡರೂ ಎರಡೂ ಜಾಸ್ತಿ ವರ್ಷ ಬರುತ್ತವೆ. ನಿಜವಾದ ಹೆಚ್ಚುವರಿ ಖರ್ಚು ವರ್ಷಕ್ಕೆರಡು ಸಲ ಬದಲಾಯಿಸುವ ಕೂಲಿ ಮತ್ತು ಬಾಡಿಗೆ. ಬಾಡಿಗೆ ಯಾಕೆ ಅಂದರೆ, ಮನೆಯಲ್ಲಿ ಜಾಗವಿಲ್ಲದವರ ಟೈರನ್ನು ಗ್ಯಾರೇಜಿನವರು ಆರು ತಿಂಗಳು ಇಟ್ಟುಕೊಳ್ಳುತ್ತಾರೆ. ಅದರ ಹೆಸರೇ ಟೈರ್ ಹೋಟೆಲ್. "ಟೈರಿಗೂ ಹೋಟ್ಲಾ!" ಎಂದು ಹಿಂದಿನಿಂದ ಅಮ್ಮ ನಕ್ಕರು.

ಒಂದು ವಿಷಯ ಪುಕ್ಕಟೆ. ಗಾಳಿ ಚಳಿಗೆ ಕುಗ್ಗುತ್ತದೆ. 20 ಡಿಗ್ರಿಯಲ್ಲಿ 2.4 ಬಾರ್ ಒತ್ತಡಕ್ಕೆ ಗಾಳಿ ಹೊಡೆಸಿದ ಟೈರು ಮೈನಸ್ 7ರ ಬೆಳಿಗ್ಗೆ 2.1ಕ್ಕೆ ಇಳಿದಿರುತ್ತದೆ. ಯಾವ ಟೈರಾದರೂ ಸರಿ, ಚಳಿ ಶುರುವಾದ ಮೇಲೆ ಒಮ್ಮೆ ಗಾಳಿ ನೋಡಿಸಿ. ಡಿಸೆಂಬರ್ ರಜೆಗೆ ಮನಾಲಿಗೆ ಹೋಗಿ ಕಾರು ಓಡಿಸುವ ನಮ್ಮವರಿಗೂ ಇದು ಅನ್ವಯಿಸುತ್ತದೆ.

ಉಳಿದದ್ದು ನೆಲಮಾಳಿಗೆಯ ನಾಲ್ಕು ಟೈರು. ಟಾರ್ಚ್ ಹಿಡಿದು ಇಳಿದೆ. ಬೆಟ್ಟ ಮತ್ತು ಹರಳಿನ ಗುರುತು ಇತ್ತು, ಒಂದು ಖುಷಿ. ಪಕ್ಕದಲ್ಲಿ 4017 ಎಂಬ ಅಂಕಿ, ಅಂದರೆ 2017ರ ನಲವತ್ತನೇ ವಾರದಲ್ಲಿ ಮಾಡಿದ್ದು. ರಬ್ಬರ್ ಸುಮ್ನೆ ಬಿದ್ದಿದ್ದರೂ ಗಾಳಿಯ ಆಮ್ಲಜನಕಕ್ಕೆ ವರ್ಷ ವರ್ಷವೂ ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ಜೇಬಿನಿಂದ ಎರಡು ಯೂರೋ ನಾಣ್ಯ ತೆಗೆದೆ. ಅದರ ಬೆಳ್ಳಿ ಬಣ್ಣದ ಅಂಚಿನ ಅಗಲ 4 ಮಿಲಿಮೀಟರ್. ಟೈರಿನ ತೋಡಿನಲ್ಲಿ ನಿಲ್ಲಿಸಿದರೆ ಅಂಚು ಪೂರ್ತಿ ಮುಳುಗಬೇಕು. ಎರಡು ಟೈರಿನಲ್ಲಿ ಮುಳುಗಿತು. ಮೂರನೆಯದರಲ್ಲಿ ಬೆಳ್ಳಿ ಇಣುಕಿತು. ನಾಲ್ಕನೆಯದರಲ್ಲಿ ಅರ್ಧ ಅಂಚು ಹೊರಗೇ ಇತ್ತು. ಮೇಲೆ ಬಂದು ಗ್ಯಾರೇಜಿಗೆ ಫೋನ್ ಮಾಡಿ ಹೊಸ ಸೆಟ್ಟಿಗೆ ಹೇಳಿದೆ. ಮೂರು ವಾರದ ನಂತರದ ಬುಧವಾರ ಸಿಕ್ಕಿತು. ಊರಿನವರೆಲ್ಲ ಏಳು ಡಿಗ್ರಿ ನೋಡಿ ಆಗಲೇ ಫೋನ್ ಮಾಡಿಯಾಗಿತ್ತು.