ಇಪ್ಪತ್ತು ಟನ್ ಸಾಮಾನು ಮಂಗಳದ ಮೇಲೆ ಇಳಿಸಲು ದೊಡ್ಡ ಪ್ಯಾರಾಶೂಟ್ ಸಾಲದೇ?

ಗದಗದ ಓದುಗರೊಬ್ಬರ ಪ್ರಶ್ನೆ: "ಮಂಗಳದ ಮ್ಯಾಲೆ ರೋವರ್ ಇಳಿಸ್ಯಾರ. ಮುಂದ ಮನುಷ್ಯಾರು ಹೋಗೂ ಮೊದ್ಲು ಇಪ್ಪತ್ತು ಟನ್ ಸಾಮಾನು ಇಳಿಸಬೇಕಂದ್ರ ಇನ್ನೂ ದೊಡ್ಡ ಪ್ಯಾರಾಶೂಟ್ ಕಟ್ಟಿದ್ರ ಸಾಕಲ್ಲ?"

ಸಾಲದು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೆನೆಸಿಕೊಳ್ಳಿ. ರೆಕ್ಕೆಯನ್ನು ತಳ್ಳುವ ಬಲ ಗಾಳಿಯ ವೇಗದಷ್ಟೇ ಅದರ ಸಾಂದ್ರತೆಯ ಮೇಲೂ ನಿಂತಿದೆ. ಮಂಗಳದ ನೆಲಮಟ್ಟದಲ್ಲಿ ಆ ಸಾಂದ್ರತೆ ನಮ್ಮದರ ಸುಮಾರು ಅರವತ್ತನೇ ಒಂದು ಭಾಗ. ಅಲ್ಲಿ ಅದೇ ವೇಗದಲ್ಲಿ ಗಾಳಿ ಬೀಸಿದರೂ ರೆಕ್ಕೆ ಅಲುಗಾಡುವುದು ಕಷ್ಟ. ಪ್ಯಾರಾಶೂಟಿಗೂ ಇದೇ ಲೆಕ್ಕ.

2021ರ ಫೆಬ್ರವರಿ 18ರಂದು ಇಳಿದ ಪರ್ಸಿವಿಯರೆನ್ಸ್ ರೋವರ್ 1,025 ಕಿಲೊ ಇತ್ತು. ಗಂಟೆಗೆ ಸುಮಾರು 19,500 ಕಿಮೀ ವೇಗದಲ್ಲಿ ವಾತಾವರಣ ಹೊಕ್ಕಿತು. ಬಹುಪಾಲು ವೇಗವನ್ನು 4.5 ಮೀಟರ್ ಅಗಲದ ಶಾಖ ಕವಚವೇ ತಿಂದಿತು. ಆಮೇಲೆ 21.5 ಮೀಟರ್ ಪ್ಯಾರಾಶೂಟ್ ಬಿಚ್ಚಿಕೊಂಡರೂ ಸುಮಾರು 320 ಕಿಮೀ ವೇಗ ಉಳಿದೇ ಇತ್ತು. ಅದನ್ನು ಎಂಟು ಎಂಜಿನ್‌ಗಳು ಕಳೆದವು. ಆ ಎಂಜಿನ್‌ಗಳಿದ್ದ ಚೌಕಟ್ಟಿನಿಂದ ರೋವರ್ ನೈಲಾನ್ ಹಗ್ಗದಲ್ಲಿ ಕೆಳಗಿಳಿಯಿತು. ತೂಕ 20 ಪಟ್ಟಾದರೆ ಆ 320ಕ್ಕೆ ತರುವುದಕ್ಕೇ ಬಟ್ಟೆಯ ವಿಸ್ತೀರ್ಣ 20 ಪಟ್ಟು ಬೇಕು, ಅಂದರೆ ಅಗಲ ಸುಮಾರು 96 ಮೀಟರ್. 2014 ಮತ್ತು 2015ರ ನಾಸಾ ಪರೀಕ್ಷೆಗಳಲ್ಲಿ ಸುಮಾರು 30 ಮೀಟರಿನ ಪ್ಯಾರಾಶೂಟ್‌ಗಳೇ ಹರಿದುಹೋದವು.

ಹಾಗಾಗಿ ಮೊದಲು ಕವಚವನ್ನೇ ಅಗಲ ಮಾಡಬೇಕು. ಗಟ್ಟಿ ಕವಚ ರಾಕೆಟ್ಟಿನ ಮೂತಿಗಿಂತ ಅಗಲ ಇರುವಂತಿಲ್ಲ. ಉಬ್ಬುವ ಕವಚವನ್ನಾದರೆ ಮಡಚಿ ಒಯ್ಯಬಹುದು. ಲಾರಿ ಟ್ಯೂಬುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಂಥ ಉಂಗುರಗಳು, ಅವುಗಳ ಮೇಲೆ ಶಾಖ ತಡೆಯುವ ಪಿಂಗಾಣಿ ನೂಲಿನ ಬಟ್ಟೆ. 2022ರ ನವೆಂಬರ್ 10ರಂದು ನಾಸಾದ ಲಾಫ್ಟಿಡ್ ಎಂಬ 6 ಮೀಟರಿನ ಕವಚ ಭೂಕಕ್ಷೆಯಿಂದ ಹೀಗೇ ಇಳಿದು ಪೆಸಿಫಿಕ್ ಸಾಗರ ಸೇರಿತು. ಇಪ್ಪತ್ತು ಟನ್ನಿಗೆ ಇದರ ಹಲವು ಪಟ್ಟು ದೊಡ್ಡದು ಬೇಕು.

ಇನ್ನೊಂದು ದಾರಿ, ಪ್ಯಾರಾಶೂಟ್ ಬಿಟ್ಟು ಶಬ್ದಕ್ಕಿಂತ ವೇಗವಾಗಿ ಹೋಗುತ್ತಿರುವಾಗಲೇ ಎದುರುಮುಖವಾಗಿ ಎಂಜಿನ್ ಉರಿಸುವುದು. ಭಾರದ ಸಾಮಾನಿಗೆ ನಮಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಮೊದಲ ಹಂತ 2013ರಿಂದ ಭೂಮಿಯ ಮೇಲ್ಗಡೆಯ ತೆಳು ಗಾಳಿಯಲ್ಲಿ ಇದನ್ನೇ ಮಾಡುತ್ತ ಬಂದಿದೆ. ಆದರೆ ಬೆಲೆ ಇದೆ: ಸೆಕೆಂಡಿಗೆ 1 ಕಿಮೀ ವೇಗ ಕಳೆಯಲು ಮೀಥೇನ್ ಎಂಜಿನ್‌ಗೆ ವಾಹನದ ತೂಕದ ಕಾಲುಭಾಗದಷ್ಟು ಇಂಧನ, ಆಮ್ಲಜನಕ ಬೇಕು. ಜ್ವಾಲೆ ನೆಲವನ್ನೂ ಕೊರೆಯುತ್ತದೆ. 2012ರಲ್ಲಿ ಕ್ಯೂರಿಯಾಸಿಟಿ ಇಳಿಯುವಾಗ ಎಂಜಿನ್‌ಗಳು ಮೇಲೆಯೇ ಇದ್ದರೂ ಕಲ್ಲುಗಳು ಸಿಡಿದು ರೋವರ್ ಮೇಲೆ ಬಿದ್ದವು. ಆದ್ದರಿಂದ ಎರಡನೇ ಸಾಮಾನು ವಾಹನವನ್ನು ಮೊದಲನೆಯದರ ಮಗ್ಗುಲಿಗೆ ಇಳಿಸುವಂತಿಲ್ಲ.

ಲೆಕ್ಕ ತಪ್ಪಿದರಂತೂ ಏನೂ ಉಳಿಯದು. 2016ರಲ್ಲಿ ಮಂಗಳಕ್ಕೆ ಇಳಿಯುತ್ತಿದ್ದ ಯುರೋಪಿನ ಸ್ಕಿಯಾಪರೆಲ್ಲಿ ಎಂಬ ನೌಕೆ ಇನ್ನೂ 3.7 ಕಿಮೀ ಎತ್ತರದಲ್ಲಿತ್ತು. ಹೊರಳಾಟ ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡ್ ತನ್ನ ಮಿತಿಗೆ ಸಿಕ್ಕಿಕೊಂಡದ್ದರಿಂದ ಕಂಪ್ಯೂಟರಿನ ಲೆಕ್ಕದಲ್ಲಿ ಎತ್ತರ ನೆಲಕ್ಕಿಂತ ಕೆಳಗೆ ಬಂತು. ಪ್ಯಾರಾಶೂಟ್ ಕಳಚಿತು, ಎಂಜಿನ್‌ಗಳು ಮೂರೇ ಸೆಕೆಂಡ್ ಉರಿದು ನಿಂತವು.

ಪೆಟ್ಟು ತಾಳುವ ಸಣ್ಣ ಸಾಮಾನಿಗೆ ಇಷ್ಟೆಲ್ಲ ಬೇಕಿಲ್ಲ. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಶೀಲ್ಡ್ ವಿನ್ಯಾಸದಲ್ಲಿ ತಳದಲ್ಲಿ ಮಡಚಿದಂತಿರುವ ಲೋಹದ ಪದರಗಳು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗುತ್ತವೆ. 2022ರ ಆಗಸ್ಟ್ 12ರಂದು ಅದನ್ನು ಗಂಟೆಗೆ 177 ಕಿಮೀ ವೇಗದಲ್ಲಿ 5 ಸೆಂಟಿಮೀಟರ್ ದಪ್ಪದ ಉಕ್ಕಿನ ಹಲಗೆಗೆ ಅಪ್ಪಳಿಸಿದರು. ಒಳಗಿಟ್ಟಿದ್ದ ಸ್ಮಾರ್ಟ್‌ಫೋನ್ ಆಮೇಲೂ ಕೆಲಸ ಮಾಡುತ್ತಿತ್ತು.