ಕುಕ್ಕರಿನಲ್ಲಿ ಪುಲ್ಡ್ ಪೋರ್ಕ್: ಹಬೆಯ ಕೆಲಸ ಯಾವುದು, ಹೊಗೆಯ ಕೆಲಸ ಯಾವುದು

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಬಾರ್ಬೆಕ್ಯೂ ಅಂದರೆ ಹಂದಿ ಮಾಂಸ ಅಂತಲೇ ಅರ್ಥ. ಹಿಕರಿ ಅಥವಾ ಓಕ್ ಸೌದೆಯ ಕೆಂಡದ ಮೇಲೆ ಗಂಟೆಗಟ್ಟಲೆ ಬೆಂದು, ಕೈಯಲ್ಲಿ ಎಳೆದರೆ ಎಳೆಎಳೆಯಾಗಿ ಬಿಟ್ಟುಕೊಳ್ಳುವ ಮಾಂಸ ಅದು. ಪುಲ್ಡ್ ಪೋರ್ಕ್ ಅನ್ನುವುದು ಇದನ್ನೇ. ರಾಜ್ಯದ ಪೂರ್ವ ಭಾಗದವರು ಇಡೀ ಹಂದಿಯನ್ನೇ ಬೇಯಿಸಿ, ವಿನೆಗರ್, ಒಣಮೆಣಸಿನ ತರಿ, ಉಪ್ಪು ಬೆರೆಸಿದ ತೆಳು ಸಾಸ್ ಹಾಕುತ್ತಾರೆ. ಪಶ್ಚಿಮಕ್ಕೆ ಲೆಕ್ಸಿಂಗ್ಟನ್ ಕಡೆ ಹೋದರೆ ಭುಜದ ಮಾಂಸ ಮಾತ್ರ. ಅದೇ ವಿನೆಗರ್ ಸಾಸಿಗೆ ಅಲ್ಲಿ ಸ್ವಲ್ಪ ಕೆಚಪ್ ಸೇರುತ್ತದೆ, ಅದನ್ನು ಡಿಪ್ ಅನ್ನುತ್ತಾರೆ. ಈ ಟಿಪ್ಪಣಿಗೆ ಲೆಕ್ಸಿಂಗ್ಟನ್ ರೀತಿಯನ್ನೇ ಇಟ್ಟುಕೊಳ್ಳೋಣ. ಭುಜದ ತುಂಡು ನಮ್ಮ ಕುಕ್ಕರಿಗೆ ಹಿಡಿಸುತ್ತದೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಕೆಂಡದ ಮೇಲೆ ಬೇಯುವಾಗ ಮಾಂಸಕ್ಕೆ ಎರಡು ಬೇರೆ ಬೇರೆ ಸಂಗತಿ ಆಗುತ್ತವೆ. ಒಳಗೆ ಮೆತ್ತಗಾಗುತ್ತದೆ. ಹೊರಗೆ ಹೊಗೆ ಹಿಡಿದು, ಕಪ್ಪು-ಕಂದು ಬಣ್ಣದ ಗಟ್ಟಿ ಪದರ ಕಟ್ಟುತ್ತದೆ. ಕುಕ್ಕರ್ ಮೊದಲನೆಯದನ್ನು ಬಹಳ ಚೆನ್ನಾಗಿ ಮಾಡುತ್ತದೆ, ಎರಡನೆಯದನ್ನು ಮಾಡುವುದೇ ಇಲ್ಲ. ಎಷ್ಟೋ ಜನ ಇದನ್ನು ಗಮನಿಸದೆ ಒಂದು ಬಾಟಲಿ ಸಿಹಿ ಸಾಸ್ ಸುರಿದು ಕೂಗಿಸಿಬಿಡುತ್ತಾರೆ. ಆಗ ಸಿಗುವುದು ಬೇಯಿಸಿದ ಸಿಹಿ ಮಾಂಸ ಅಷ್ಟೇ.

ಮೆತ್ತಗಾಗುವುದು ಹೇಗೆ?

ಭುಜ ದಿನವಿಡೀ ದುಡಿಯುವ ಜಾಗ. ಅಲ್ಲಿನ ಸ್ನಾಯುವಿನ ಎಳೆಗಳನ್ನು ಕೊಲಾಜೆನ್ ಎಂಬ ಗಟ್ಟಿ ನಾರು ಕಟ್ಟಿ ಹಿಡಿದಿರುತ್ತದೆ. ಸುಮಾರು 70 ಡಿಗ್ರಿ ದಾಟಿದ ಮೇಲೆ ಈ ಕೊಲಾಜೆನ್ ತೇವದಲ್ಲಿ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ ಕರಗುತ್ತದೆ. ಒಳಗಿನ ಬಿಸಿ 90ರಿಂದ 95 ಡಿಗ್ರಿ ಮುಟ್ಟಿ, ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಎಳೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಹಂದಿ ಮಾಂಸ ತಿನ್ನಲು ಸುರಕ್ಷಿತ ಅನ್ನಲು 63 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿ ಸಾಕು ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಆದರೆ ಆ ಹಂತದಲ್ಲಿ ಭುಜವನ್ನು ಕೈಯಲ್ಲಿ ಎಳೆಯಲು ಆಗುವುದಿಲ್ಲ. ಬೆಂದಿರುವುದು ಬೇರೆ, ಎಳೆಯಲು ಬರುವುದು ಬೇರೆ.

ಹಾಗಾದರೆ ಕೆಂಡದ ಮೇಲೆ ಹತ್ತು-ಹನ್ನೆರಡು ಗಂಟೆ ಯಾಕೆ ಬೇಕು? ಇಲ್ಲೊಂದು ಸ್ವಾರಸ್ಯ ಇದೆ. ಒಳಗಿನ ಬಿಸಿ ಸುಮಾರು 65-70 ಡಿಗ್ರಿಗೆ ಬಂದಾಗ ಥರ್ಮಾಮೀಟರಿನ ಮುಳ್ಳು ಅಲ್ಲೇ ನಿಂತುಬಿಡುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ. ಬೆಂಕಿ ಸರಿಯಾಗಿಯೇ ಇರುತ್ತದೆ. ಆದರೆ ಮಾಂಸದ ಮೈಯಿಂದ ನೀರು ಆವಿಯಾಗುತ್ತಾ ಬಂದ ಬಿಸಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತಿರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ ಅಲ್ವಾ? ಮೈ ಒಣಗಿದ ಮೇಲೆಯೇ ಬಿಸಿ ಮತ್ತೆ ಏರುವುದು.

ಕುಕ್ಕರಿನೊಳಗೆ ಈ ತಡೆ ಇರುವುದಿಲ್ಲ. ಒಳಗೆಲ್ಲ ಹಬೆ ತುಂಬಿರುವಾಗ ಮಾಂಸದ ನೀರು ಆವಿಯಾಗಿ ಹೋಗಲು ಜಾಗ ಎಲ್ಲಿ? ಅದರ ಮೇಲೆ ಒತ್ತಡ. 15 ಪಿಎಸ್‌ಐ ಒತ್ತಡದಲ್ಲಿ, ಸಮುದ್ರಮಟ್ಟದ ಊರಿನಲ್ಲಿ, ನೀರು ಕುದಿಯುವುದು 121 ಡಿಗ್ರಿಗೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದೇ ಕುಕ್ಕರ್ ಎರಡು ಡಿಗ್ರಿಯಷ್ಟು ಕೆಳಗೆ ನಿಲ್ಲುತ್ತದೆ, ಐದು ನಿಮಿಷ ಜಾಸ್ತಿ ಕೊಟ್ಟರಾಯಿತು. ಇನ್‌ಸ್ಟಂಟ್ ಪಾಟ್‌ನಂಥ ವಿದ್ಯುತ್ ಕುಕ್ಕರಿನ ಒತ್ತಡ ಇನ್ನೂ ಸ್ವಲ್ಪ ಕಡಿಮೆ. 1679ರಲ್ಲಿ ಡೆನಿಸ್ ಪಾಪಿನ್ ಈ ಪಾತ್ರೆಯ ಮೂಲರೂಪವನ್ನು ಮಾಡಿ ತೋರಿಸಿದ್ದೂ ಗಟ್ಟಿ ಮೂಳೆಯನ್ನು ಮೆತ್ತಗೆ ಮಾಡಲಿಕ್ಕೆ. ಆ ಲೆಕ್ಕದಲ್ಲಿ ಭುಜದ ಮಾಂಸ ಕುಕ್ಕರಿಗೆ ಹೇಳಿ ಮಾಡಿಸಿದ್ದು.

ಮಾಡುವ ಕ್ರಮ

ಒಂದೂವರೆ ಕೆಜಿ ಭುಜದ ಮಾಂಸ ತನ್ನಿ. ಅಮೆರಿಕದಲ್ಲಿರುವವರು ಬಾಸ್ಟನ್ ಬಟ್ ಅಂತ ಕೇಳಿ, ಹೆಸರಿನಲ್ಲಿ ಬಟ್ (ಹಿಂಭಾಗ) ಅಂತಿದ್ದರೂ ಅದು ಭುಜದ ಮೇಲ್ಭಾಗವೇ. ಇಲ್ಲಿ ಚರ್ಮ ಸಮೇತ ಕೊಟ್ಟರೆ ಚರ್ಮ ತೆಗೆಸಿ, ಕೊಬ್ಬು ಇರಲಿ. ಕೊಬ್ಬು ಕಡಿಮೆ ಇರುವ ಬೆನ್ನಿನ ತುಂಡು ಬೇಡವೇ ಬೇಡ. ಅದರಲ್ಲಿ ಕೊಲಾಜೆನ್ ಕಡಿಮೆ, ಕುಕ್ಕರಿನಿಂದ ಹೊರಬರುವಾಗ ಹತ್ತಿಯಂತಾಗಿರುತ್ತದೆ.

ನಾಲ್ಕು ದೊಡ್ಡ ತುಂಡು ಮಾಡಿ. ಚಿಕ್ಕದಾಗಿ ಕೊಚ್ಚಿದರೆ ಬೇಗ ಬೇಯುತ್ತದೆ ನಿಜ, ಆದರೆ ಎಳೆಗಳು ತುಂಡಾಗಿ ಹೋಗುತ್ತವೆ. ಕೆಜಿಗೆ 15 ಗ್ರಾಂ ಲೆಕ್ಕದಲ್ಲಿ ಉಪ್ಪು, ಜೊತೆಗೆ ಕರಿಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಸ್ವಲ್ಪ ಕಂದು ಸಕ್ಕರೆ, ಪಾಪ್ರಿಕಾ ಹಚ್ಚಿ. ಪಾಪ್ರಿಕಾ ಇಲ್ಲದಿದ್ದರೆ ಬ್ಯಾಡಗಿ ಪುಡಿ ಹಾಕಿ, ಅದೂ ಬಣ್ಣ ಜಾಸ್ತಿ, ಖಾರ ಕಡಿಮೆಯದು. ರಾತ್ರಿಯೇ ಹಚ್ಚಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪು ಒಳಗಿಳಿಯುತ್ತದೆ.

ಈಗ ಮಾಂಸದ ಮೈ ಒರೆಸಿ, ಕುಕ್ಕರಿನಲ್ಲೇ ಎಣ್ಣೆ ಕಾಯಿಸಿ ಒಂದೊಂದೇ ತುಂಡನ್ನು ಕಂದು ಬಣ್ಣಕ್ಕೆ ಹುರಿಯಿರಿ. ದಯವಿಟ್ಟು ಇದನ್ನು ಬಿಡಬೇಡಿ. ಹುರಿದ ರುಚಿ ಹುಟ್ಟಲು ಮೈ ಒಣಗಿ ಸುಮಾರು 140 ಡಿಗ್ರಿ ದಾಟಬೇಕು. ಮುಚ್ಚಳ ಹಾಕಿದ ಮೇಲೆ ಆ ಬಿಸಿ ಸಿಗುವುದೇ ಇಲ್ಲ. ತುಂಡುಗಳನ್ನು ತೆಗೆದು, ಒಂದೂವರೆ ಕಪ್ ನೀರು, ಕಾಲು ಕಪ್ ಆಪಲ್ ಸೈಡರ್ ವಿನೆಗರ್ ಹಾಕಿ ತಳದಲ್ಲಿ ಅಂಟಿದ್ದನ್ನು ಮರದ ಸೌಟಿನಿಂದ ಕೆರೆಯಿರಿ. ರುಚಿಯೂ ಬಿಡುತ್ತದೆ, ತಳವೂ ಹತ್ತುವುದಿಲ್ಲ. ಕೆಚಪ್ ಆಗಲಿ, ಗಟ್ಟಿ ಸಾಸ್ ಆಗಲಿ ಈಗ ಹಾಕಬೇಡಿ. ಸಕ್ಕರೆ ತಳ ಹಿಡಿದು ಸೀದುಹೋಗುತ್ತದೆ. ಹುರಿದ ತುಂಡುಗಳನ್ನು ಮತ್ತೆ ಕುಕ್ಕರಿಗೆ ಹಾಕಿ ಮುಚ್ಚಳ ಮುಚ್ಚಿ.

ಕೂಗು ಎಣಿಸುವ ಅಭ್ಯಾಸವನ್ನು ಇವತ್ತು ಬದಿಗಿಡಿ. ಉರಿ ದೊಡ್ಡದಿದ್ದರೆ ಬೇಗ ಬೇಗ ಕೂಗುತ್ತದೆ, ಸಣ್ಣದಿದ್ದರೆ ಕೂಗುವುದೇ ಇಲ್ಲ. ಅದು ಸಮಯದ ಅಳತೆಯಲ್ಲ. ಮೊದಲ ಕೂಗು ಬಂದ ಕೂಡಲೇ ಉರಿ ಸಿಮ್‌ಗೆ ತಂದು, ಅಲ್ಲಿಂದ 55ರಿಂದ 60 ನಿಮಿಷ ಲೆಕ್ಕ ಹಾಕಿ. ವಿದ್ಯುತ್ ಕುಕ್ಕರಿಗೆ 60-65. ಆಮೇಲೆ ಒಲೆ ಆರಿಸಿ ಸುಮ್ನೆ ಬಿಡಿ, ವೆಯ್ಟ್ ಎತ್ತಬೇಡಿ. ಮಾಂಸದೊಳಗಿನ ನೀರು ಆಗ 100 ಡಿಗ್ರಿಗಿಂತ ಬಿಸಿಯಾಗಿರುತ್ತದೆ. ಒತ್ತಡ ಒಮ್ಮೆಲೇ ಇಳಿದರೆ ಆ ನೀರು ಮಾಂಸದೊಳಗೇ ಕುದಿದು ರಸವನ್ನು ಹೊರಕ್ಕೆ ನೂಕುತ್ತದೆ. ಮುಚ್ಚಳ ತಾನಾಗಿ ಬಿಡಲು ಇಪ್ಪತ್ತು ನಿಮಿಷ ಬೇಕಾಗಬಹುದು.

ಫೋರ್ಕ್ ಚುಚ್ಚಿ ತಿರುಗಿಸಿದರೆ ಮಾಂಸ ಬಿಟ್ಟುಕೊಳ್ಳಬೇಕು. ಮೂಳೆ ಇದ್ದರೆ ಎಳೆದಾಗ ಏನೂ ಅಂಟದೆ ಬರಬೇಕು. ಇಲ್ಲದಿದ್ದರೆ ಇನ್ನೂ ಹತ್ತು ನಿಮಿಷ ಇಡಿ. ಗಟ್ಟಿಯಾಗಿದೆ ಅಂದರೆ ಬಹುತೇಕ ಬೇಯುವುದು ಸಾಲದು ಅಂತಲೇ ಅರ್ಥ. ಬಿಸಿಯಿರುವಾಗಲೇ ಎರಡು ಫೋರ್ಕಿನಿಂದ ಬೆರಳಿನಷ್ಟು ದಪ್ಪದ ಎಳೆಗಳಾಗಿ ಬಿಡಿಸಿ, ನುಣ್ಣಗೆ ಮಾಡಬೇಡಿ. ಕುಕ್ಕರಿನಲ್ಲಿ ಉಳಿದ ರಸದ ಮೇಲಿನ ಕೊಬ್ಬು ತೆಗೆದು, ಅರ್ಧಕ್ಕೆ ಇಳಿಯುವಷ್ಟು ಕುದಿಸಿ, ಎರಡು ಚಮಚ ಎತ್ತಿಟ್ಟು ಉಳಿದದ್ದನ್ನು ಮಾಂಸಕ್ಕೆ ಹಾಕಿ. ಕರಗಿ ಹೊರಬಂದ ಜೆಲಟಿನ್ ಎಲ್ಲ ಇರುವುದು ಅದರಲ್ಲೇ.

ಹೊಗೆಯ ಮಾತು

ಎಳೆಗಳನ್ನು ತಟ್ಟೆಯಲ್ಲಿ ಹರಡಿ ಓವನ್ನಿನ ಮೇಲುರಿಯಲ್ಲಿ ಐದು ನಿಮಿಷ ಇಟ್ಟರೆ ತುದಿಗಳು ಗರಿಯಾಗುತ್ತವೆ. ಓವನ್ ಇಲ್ಲದಿದ್ದರೆ ಕಾದ ಕಬ್ಬಿಣದ ತವಾ ಸಾಕು. ಹೊಗೆಗೆ ನನ್ನ ಆಯ್ಕೆ ಸ್ಪೇನ್ ದೇಶದ ಲಾ ವೆರಾ ಪ್ರದೇಶದ ಪಾಪ್ರಿಕಾ. ಅದನ್ನು ಓಕ್ ಹೊಗೆಯಲ್ಲೇ ಒಣಗಿಸುತ್ತಾರೆ, ಒಂದು ಚಮಚ ಸಾಕು. ನಮ್ಮಲ್ಲಿ ಬಟ್ಟಲಿನ ಕೆಂಡದ ಮೇಲೆ ತುಪ್ಪ ಬಿಟ್ಟು ಹೊಗೆ ಹಿಡಿಸುವ ಕ್ರಮವೂ ಇದೆ. ಚೆನ್ನಾಗಿಯೇ ಇರುತ್ತದೆ, ಆದರೆ ಅದು ತುಪ್ಪದ ಹೊಗೆ. ಲೆಕ್ಸಿಂಗ್ಟನ್ನಿನ ಪರಿಮಳಕ್ಕೆ ಹತ್ತಿರ ಬರಬೇಕಾದರೆ ಕೆಂಡದ ಮೇಲೆ ಹಿಕರಿ ಅಥವಾ ಓಕ್ ಚಕ್ಕೆ ಇಟ್ಟು, ಕಿಟಕಿ ತೆರೆದಿಟ್ಟುಕೊಂಡು, ಐದು ನಿಮಿಷ ಮಾಂಸದ ಪಾತ್ರೆ ಮುಚ್ಚಿ.

ಡಿಪ್ ಸುಲಭ. ಒಂದು ಕಪ್ ಸೈಡರ್ ವಿನೆಗರ್, ಕಾಲು ಕಪ್ ಕೆಚಪ್, ಎರಡು ಚಮಚ ಸಕ್ಕರೆ, ಒಂದೊಂದು ಚಮಚ ಉಪ್ಪು ಮತ್ತು ಮೆಣಸಿನ ತರಿ. ಒಂದು ಕುದಿ ಬರಿಸಿ ಆರಿಸಿ. ಇಷ್ಟು ಹುಳಿ ಯಾಕೆ ಅಂದರೆ, ಕೊಬ್ಬಿನ ಜಿಡ್ಡನ್ನು ನಾಲಿಗೆಯ ಮೇಲೆ ಹಗುರ ಮಾಡುವುದು ಅದೇ. ಕೊಡಗಿನಲ್ಲಿ ಪಂದಿ ಕರಿಗೆ ಕಾಚಂಪುಳಿ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಲು ಭಾಗದಷ್ಟು ಡಿಪ್ಪನ್ನು ಮಾಂಸಕ್ಕೆ ಕಲಸಿ, ಉಳಿದದ್ದನ್ನು ಪಕ್ಕದಲ್ಲಿಡಿ. ಸಣ್ಣಗೆ ಹೆಚ್ಚಿದ ಎಲೆಕೋಸಿಗೂ ಅದನ್ನೇ ಸ್ವಲ್ಪ ಹಾಕಿ ಕಲಸಿದರೆ ಲೆಕ್ಸಿಂಗ್ಟನ್ನಿನ ಕೆಂಪು ಸ್ಲಾ ಆಯಿತು. ಮೆತ್ತಗಿನ ಬನ್ನಿನೊಳಗೆ ಮಾಂಸ, ಅದರ ಮೇಲೆ ಸ್ಲಾ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು-ನಾಲ್ಕು ದಿನದಲ್ಲಿ ಮುಗಿಸಿ. ಬಿಸಿ ಮಾಡುವಾಗ ಎತ್ತಿಟ್ಟ ಎರಡು ಚಮಚ ಕುಕ್ಕರಿನ ರಸವನ್ನೇ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿಡಿ.