ಏನೋ ಒಂದು ಕಮ್ಮಿ ಇರುವ ಅಕ್ಕಿ

ಮೊದಲ ತುತ್ತೇ ಗಂಟಲಲ್ಲಿ ಸಿಕ್ಕಿಕೊಂಡಿತು. ತಪ್ಪು ನನ್ನದೇ. ಮುದ್ದೆ ತಿಂದು ಬೆಳೆದವನು ನಾನು. ಮುರಿಯುವುದು, ಉರುಳಿಸುವುದು, ಅದ್ದುವುದು, ನುಂಗುವುದು. ಅದೇ ಅಭ್ಯಾಸದಲ್ಲಿ ಇದನ್ನೂ ನುಂಗಿಬಿಟ್ಟೆ. ಗೆಳೆಯನ ಅಮ್ಮ ನೀರು ಕೊಟ್ಟು, ತಮ್ಮ ದವಡೆ ತೋರಿಸಿ, "ಅಗಿ, ಅಗಿ" ಎಂದು ಸನ್ನೆ ಮಾಡಿದರು.

ಥಾಯ್ಲೆಂಡಿನ ಖೋನ್ ಕೇನ್ ಪ್ರಾಂತ್ಯದ ಒಂದು ಹಳ್ಳಿ ಅದು. ಶುಕ್ರವಾರ ರಾತ್ರಿ ಬ್ಯಾಂಕಾಕಿನಲ್ಲಿ ಬಸ್ ಹತ್ತಿದರೆ ಸುಮಾರು 450 ಕಿಲೋಮೀಟರ್ ಈಶಾನ್ಯಕ್ಕೆ. ಈ ಸೀಮೆಗೆ ಇಸಾನ್ ಅಂತ ಹೆಸರು. ಮಾತು ಲಾವೋ ಭಾಷೆಗೆ ಹತ್ತಿರ. ಎದುರು ಸಿಕ್ಕವರೆಲ್ಲ ಕೇಳುವುದು ಒಂದೇ: "ಕಿನ್ ಖಾವ್ ಲೇವ್ ಬೋ?" ಅಂದರೆ ಅಕ್ಷರಶಃ ನಮ್ಮ "ಊಟ ಆಯ್ತಾ?" ಖಾವ್ ಅಂದರೆ ಅನ್ನ. ಅಲ್ಲಿ ಊಟ ಅಂದರೂ ಅನ್ನವೇ. ಆದರೆ ಆ ಅನ್ನ ನಮ್ಮದಲ್ಲ. ಖಾವ್ ನಿಯಾವ್, ಅಂಟುವ ಅನ್ನ.

ಇದಕ್ಕೆ ಇಂಗ್ಲಿಷಿನಲ್ಲಿ ಗ್ಲುಟಿನಸ್ ರೈಸ್ ಅಂತಾರೆ. ಅದನ್ನು ಕೇಳಿದ ಕೂಡಲೇ "ಅಯ್ಯೋ, ಗ್ಲುಟೆನ್!" ಎಂದು ತಟ್ಟೆ ದೂರ ತಳ್ಳುವವರನ್ನು ನೋಡಿದ್ದೇನೆ. ಸ್ವಾಮಿ, ಗ್ಲುಟೆನ್ ಗೋಧಿಯ ಪ್ರೋಟೀನು. ಅಕ್ಕಿಯಲ್ಲಿ ಅದಿಲ್ಲ. ಗ್ಲುಟಿನಸ್ ಅಂದರೆ ಬರೀ ಅಂಟಂಟು ಅಂತ. ಇನ್ನು ಕೆಲವರ ಪ್ರಕಾರ ಈ ಅಕ್ಕಿಗೆ ಏನೋ ಗೋಂದು ಬೆರೆಸಿರುತ್ತಾರೆ. ನಿಜ ಇದರ ತದ್ವಿರುದ್ಧ. ಈ ಅಕ್ಕಿಯಲ್ಲಿ ಜಾಸ್ತಿ ಇರುವುದು ಏನೂ ಇಲ್ಲ, ಕಮ್ಮಿ ಇದೆ. ಆ ಕಮ್ಮಿಯೇ ಅದರ ಅಂಟು!

ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಎರಡೂ ಗ್ಲೂಕೋಸನ್ನು ಪೋಣಿಸಿ ಮಾಡಿದವೇ. ಅಮೈಲೋಸ್ ಉದ್ದ ದಾರದ ಹಾಗೆ, ಕೊಂಬೆ ಇಲ್ಲವೆನ್ನುವಷ್ಟು ಕಡಿಮೆ. ಅಮೈಲೋಪೆಕ್ಟಿನ್ ದೊಡ್ಡ ಆಲದ ಮರ, ಕೊಂಬೆಗೆ ಕೊಂಬೆ, ಅದಕ್ಕೆ ಮತ್ತೆ ಕೊಂಬೆ. ಮಾಮೂಲಿ ಅಕ್ಕಿಯಲ್ಲಿ ದಾರದ ಪಾಲು ಹೆಚ್ಚುಕಮ್ಮಿ ಶೇಕಡ 15ರಿಂದ 30. ಅಂಟಕ್ಕಿಯಲ್ಲಿ ಅದು ಸೊನ್ನೆಯ ಹತ್ತಿರ.

ಅನ್ನ ಬೇಯುವಾಗ ಪಿಷ್ಟದ ಹರಳುಗಳು ನೀರು ಕುಡಿದು ಉಬ್ಬುತ್ತವೆ. ಅಮೈಲೋಸ್ ಇದ್ದರೆ ಹುಲ್ಲಿನ ಹೊರೆಗೆ ಹಗ್ಗ ಬಿಗಿದ ಹಾಗೆ, ಒಂದು ಮಿತಿಗಿಂತ ಉಬ್ಬಲು ಬಿಡುವುದಿಲ್ಲ. ಆರುತ್ತಾ ಬಂದಂತೆ ಈ ದಾರಗಳು ಪಕ್ಕಪಕ್ಕ ಸೇರಿ ಗಟ್ಟಿಯಾಗುತ್ತವೆ. ನೆನೆದ ಹಗ್ಗ ಒಣಗಿದ ಮೇಲೆ ಸೆಟೆದುಕೊಳ್ಳುತ್ತದಲ್ಲ, ಹಾಗೆ. ನಮ್ಮ ಅನ್ನ ಉದುರುದುರಾಗುವುದು, ಬೆಳಗಿನ ಅನ್ನ ರಾತ್ರಿಗೆ ಬಿರುಸಾಗುವುದು ಇದರಿಂದಲೇ. ಅಂಟಕ್ಕಿಯಲ್ಲಿ ಹಗ್ಗವೇ ಇಲ್ಲ. ಹೊರೆ ಬಿಚ್ಚಿಕೊಳ್ಳುತ್ತದೆ, ಆಲದ ಕೊಂಬೆಗಳು ಕಾಳಿನಿಂದ ಹೊರಗೆ ಚಾಚಿ ಪಕ್ಕದ ಕಾಳಿನ ಕೊಂಬೆಗೆ ತೊಡರಿಕೊಳ್ಳುತ್ತವೆ. ಜಾತ್ರೆಯಲ್ಲಿ ಕೈ ಹಿಡಿದು ನಡೆಯುವ ಮಕ್ಕಳ ಹಾಗೆ ಅನ್ನಿ. ಬಿಡಿಸಲು ಹೋದರೆ ಇಡೀ ಸಾಲೇ ಬರುತ್ತದೆ. ಈ ಕೊಂಬೆಗಳೂ ತಣ್ಣಗಾದ ಮೇಲೆ ಗಟ್ಟಿಯಾಗುತ್ತವೆ, ಆದರೆ ಬಹಳ ನಿಧಾನ. ಹಾಗಾಗಿ ಮುಂಜಾನೆ ಬೇಯಿಸಿದ್ದನ್ನು ಗದ್ದೆಗೆ ಕಟ್ಟಿಕೊಂಡು ಹೋದರೆ ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮಾತ್ರ ಕೆಟ್ಟಿತು. ಆ ತಂಪಿನಲ್ಲೇ ಪಿಷ್ಟ ಬೇಗ ಗಟ್ಟಿಯಾಗುವುದು.

ಅಡುಗೆಯ ವಿಧಾನವೂ ಇಲ್ಲಿಂದಲೇ ಹುಟ್ಟಿದ್ದು. ಹಗ್ಗವಿಲ್ಲದ ಕಾಳನ್ನು ನೀರಲ್ಲಿ ಕುದಿಸಿದರೆ ಅಂಬಲಿಯಾಗುತ್ತದೆ. ಅದಕ್ಕೇ ರಾತ್ರಿಯಿಡೀ ನೆನೆಸಿ, ಬಿದಿರಿನ ಚೂಪು ಬುಟ್ಟಿಯಲ್ಲಿ ಹಾಕಿ, ಆವಿಯಲ್ಲಿ ಬೇಯಿಸುತ್ತಾರೆ. ಬೇಯಲು ಬೇಕಾದ ನೀರನ್ನು ಕಾಳು ಆಗಲೇ ಕುಡಿದಿರುತ್ತದೆ. ಬೆಂದದ್ದನ್ನು ಮರದ ತಟ್ಟೆಗೆ ಸುರಿದು ಬಿಸಿ ಹೊಗೆ ಹೋಗುವಂತೆ ಮಗುಚಿ, ಕ್ರತಿಪ್ ಎಂಬ ಮುಚ್ಚಳದ ಬಿದಿರುಬುಟ್ಟಿಗೆ ತುಂಬುತ್ತಾರೆ. ಸ್ಟೀಲ್ ಡಬ್ಬಿಯಾದರೆ ಹಬೆ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕುತ್ತದೆ. ಈ ಬುಟ್ಟಿ ಉಸಿರಾಡುತ್ತದೆ.

ಅಂಟಿನ ಮಾತು ಬಂದಾಗ ಒಂದು ಹಳೇ ಕಥೆ ಹೇಳದೆ ಇರಲಾರೆ. ಚೀನಾದಲ್ಲಿ ಮಿಂಗ್ ಅರಸರ ಕಾಲದ ಗೋಡೆ, ಗೋರಿಗಳಿಗೆ ಸುಣ್ಣದ ಜೊತೆ ಅಂಟಕ್ಕಿ ಗಂಜಿ ಕಲಸುತ್ತಿದ್ದರು. 2010ರಲ್ಲಿ ಝೆಜಿಯಾಂಗ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು ಅದರ ಗುಟ್ಟು ಬಿಡಿಸಿದರು. ಅಮೈಲೋಪೆಕ್ಟಿನ್ ಇದ್ದರೆ ಸುಣ್ಣದ ಹರಳುಗಳು ಸಣ್ಣಸಣ್ಣದಾಗಿ, ಒತ್ತೊತ್ತಾಗಿ ಬೆಳೆಯುತ್ತವಂತೆ. ನನ್ನ ಗಂಟಲಿನ ಕಷ್ಟ ಈಗ ಅರ್ಥವಾಯಿತು ತಾನೆ!

ಹಾಗಾದರೆ ಆ ದಾರ ಎಲ್ಲಿ ಹೋಯಿತು? ಅಮೈಲೋಸ್ ನೇಯುವ ಕಿಣ್ವವೊಂದಿದೆ. ಅದರ ಜೀನಿಗೆ 'ವ್ಯಾಕ್ಸಿ' ಅಂತ ಹೆಸರು. ಈ ಹೆಸರಿನ ಮೂಲ ಅಕ್ಕಿಯಲ್ಲ, ಮೆಕ್ಕೆಜೋಳ. 1908ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋದ ಒಂದು ಜೋಳವನ್ನು ಕತ್ತರಿಸಿದರೆ ಒಳಗೆಲ್ಲ ಮೇಣದ ಹಾಗಿತ್ತು. ಆಮೇಲೆ ನೋಡಿದರೆ ಅಕ್ಕಿಯಲ್ಲೂ ಕೆಟ್ಟಿರುವುದು ಅದೇ ಜೀನು. ಹಲವು ಅಂಟಕ್ಕಿಗಳಲ್ಲಿ ಈ ಜೀನಿನ ಡಿಎನ್‌ಎ ಬರಹದ 23 ಅಕ್ಷರಗಳು ಎರಡೆರಡು ಸಲ ಅಚ್ಚಾಗಿವೆ. ಜೀನನ್ನು ಮೂರು ಮೂರು ಅಕ್ಷರವಾಗಿ ಓದಬೇಕು. 23ನ್ನು ಮೂರರಿಂದ ಭಾಗಿಸಿದರೆ ಸರಿಹೋಗುವುದಿಲ್ಲ. ಅಂಗಿಗೆ ಒಂದು ಗುಂಡಿ ತಪ್ಪು ಹಾಕಿದರೆ ಕೆಳಗಿನವೆಲ್ಲ ತಪ್ಪುತ್ತವಲ್ಲ, ಮುಂದಿನ ಓದೆಲ್ಲ ಹಾಗೇ ಹಾಳು. 2002ರಲ್ಲಿ ವಿಜ್ಞಾನಿಗಳಾದ ಕೆನೆತ್ ಓಲ್ಸೆನ್ ಮತ್ತು ಮೈಕೆಲ್ ಪುರುಗ್ಗಾನನ್ ಏಷ್ಯಾದ ಅಕ್ಕಿಗಳ ಈ ಜೀನನ್ನು ಹೋಲಿಸಿ ನೋಡಿದರು. ಅಂಟಕ್ಕಿಯ ಹುಟ್ಟು ಒಂದೇ ಸಲ, ಬಹುಶಃ ಆಗ್ನೇಯ ಏಷ್ಯಾದಲ್ಲಿ ಆಗಿದೆ ಎಂದು ಅವರ ಲೆಕ್ಕ ಹೇಳಿತು. ಅಂದರೆ ಯಾರೋ ಒಬ್ಬರು ಕೆಟ್ಟ ಬೀಜವನ್ನು ಎಸೆಯದೆ, ರುಚಿ ನೋಡಿ ಎತ್ತಿಟ್ಟರು.

ಗೆಳೆಯನ ಮನೆಯ ಗದ್ದೆ ಸುಮಾರು 10 ರೈ, ನಮ್ಮ ಲೆಕ್ಕದಲ್ಲಿ 4 ಎಕರೆ. ಬದುವಿನ ಈಚೆ ಮಲ್ಲಿಗೆ ಅಕ್ಕಿ, ಅದೇ ನಮ್ಮ ಮಾಲ್‌ಗಳಲ್ಲಿ ಸಿಗುವ ಜಾಸ್ಮಿನ್ ರೈಸ್. ಅದು ಮಾರೋಕೆ. ಬದುವಿನ ಆಚೆ ಅಂಟಕ್ಕಿ, ತಿನ್ನೋಕೆ. ಎರಡೂ ನವೆಂಬರ್ ಬಿಸಿಲಿಗೆ ಹೊಂಬಣ್ಣವಾಗಿದ್ದವು. ನನಗೆ ಖುಷಿ ತಡೆಯಲಾಗದೆ ಹೋದದ್ದು ಅಂಟಕ್ಕಿಯ ತಳಿ ಯಾವುದೆಂದು ಕೇಳಿದಾಗ. ಅದು ಆರ್‌ಡಿ 6.

ಮಲ್ಲಿಗೆ ಅಕ್ಕಿಯ ಹೆಸರುವಾಸಿ ತಳಿ ಖಾವ್ ಡೋಕ್ ಮಲಿ 105, ಬಿಡುಗಡೆಯಾದದ್ದು 1959ರಲ್ಲಿ. ಅದರ ಬೀಜಕ್ಕೆ ಗಾಮಾ ಕಿರಣ ಹಾಯಿಸಿ, ಹುಟ್ಟಿದ ಸಸಿಗಳಲ್ಲಿ ಅಂಟುವುದನ್ನು ಆರಿಸಿ, 1977ರಲ್ಲಿ ರೈತರಿಗೆ ಕೊಟ್ಟರು. ಅದೇ ಆರ್‌ಡಿ 6. ಅಂದರೆ ಬದುವಿನ ಈಚೆ ತಾಯಿ, ಆಚೆ ಮಗಳು. ಪರಿಮಳವೂ ತಾಯಿಯದೇ. ಆ ಪರಿಮಳ ಬರುವುದೂ ಇನ್ನೊಂದು ಜೀನು ಕೆಟ್ಟಿರುವುದರಿಂದ! ಬಾಸ್ಮತಿಯ ಘಮಕ್ಕೂ ಅದೇ ಕಾರಣ. ಒಂದು ಕೆಟ್ಟರೆ ಘಮ, ಎರಡೂ ಕೆಟ್ಟರೆ ಘಮದ ಜೊತೆ ಅಂಟು. ಗಾಮಾ ಕಿರಣ ಅಂದ ಕೂಡಲೇ "ಹಾಗಾದರೆ ಅನ್ನದಲ್ಲಿ ರೇಡಿಯೇಶನ್ ಇರುತ್ತಾ?" ಎಂದು ಕೇಳುವವರಿದ್ದಾರೆ. ಎಕ್ಸ್‌ರೇ ತೆಗೆಸಿಕೊಂಡ ತಾತನ ಮೊಮ್ಮಗ ಕತ್ತಲಲ್ಲಿ ಹೊಳೆಯುತ್ತಾನಾ? ಕಿರಣ ಬಿದ್ದದ್ದು ಮುತ್ತಜ್ಜಿ ಬೀಜದ ಮೇಲೆ, ಅದೂ ಒಂದು ಸಲ.

ಸಂಜೆ ಅಮ್ಮ ಮೊರದಲ್ಲಿ ಅಂಟಕ್ಕಿ ಆರಿಸುತ್ತಾ ಕೂತಿದ್ದರು. ಒಣಗಿದ ಅಂಟಕ್ಕಿ ಸುಣ್ಣದಂತೆ ಬೆಳ್ಳಗಿರುತ್ತದೆ. ಕಾಳಿನೊಳಗಿನ ಸಣ್ಣ ಗಾಳಿಸಂದುಗಳು ಬೆಳಕನ್ನು ಚದುರಿಸುತ್ತವೆ. ಕಲ್ಲುಸಕ್ಕರೆ ಕುಟ್ಟಿದರೆ ಬೆಳ್ಳಗಾಗುತ್ತದಲ್ಲ, ಹಾಗೆ. ನಡುನಡುವೆ ಗಾಜಿನಂಥ ಒಂದೊಂದು ಕಾಳು. ಬಹುಪಾಲು ಮಿಲ್ಲಿನ ಬೆರಕೆ ಇರಬಹುದು. ಆದರೆ ಅಪರೂಪಕ್ಕೆ ಒಂದು ಬದು ದಾಟಿ ಬಂದ ಪರಾಗದ್ದೂ ಆಗಬಹುದು. ನಾವು ತಿನ್ನುವ ಕಾಳಿನ ಬಿಳಿ ಭಾಗ ಗಿಡದ್ದಲ್ಲ, ಅದರ ಮಗುವಿನದು. ಅದರಲ್ಲಿ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು. ಸರಿಯಿರುವ ಜೀನು ಒಂದೇ ಒಂದು ಬಂದರೂ ದಾರ ನೇಯಲು ಶುರು. ಅಂಟಿನ ಗಿಡದಲ್ಲೇ ಅಂಟದ ಕಾಳು ಹುಟ್ಟುತ್ತದೆ. ಅಮ್ಮ ಅದನ್ನು ಉಗುರಿನಿಂದ ಚಿಮ್ಮಿ ಕೋಳಿಗೆ ಎಸೆಯುತ್ತಿದ್ದರು. ಅಂಟು ಉಳಿದು ಬಂದಿರುವುದೇ ಇಂಥ ಉಗುರುಗಳಿಂದ.

ಅಂಟನ್ನ ತಿಂದರೆ ಸೋಮಾರಿ ಆಗ್ತಾರೆ ಅಂತ ಬ್ಯಾಂಕಾಕಿನಲ್ಲಿ ಒಂದು ಮಾತಿದೆ. ಇದು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುವುದು ನಿಜ, ಸಕ್ಕರೆ ಕಾಯಿಲೆಯವರು ನೋಡಿಕೊಂಡು ತಿನ್ನಬೇಕು. ಸೋಮಾರಿತನದ ಮಾತು ಮಾತ್ರ ಬರೀ ಊರುಗರ್ವ. ಆ ಮನೆಯಲ್ಲಿ ನಾಲ್ಕು ಗಂಟೆಗೇ ಒಲೆ ಹೊತ್ತುತ್ತದೆ. ಏಳಕ್ಕೆ ಎದ್ದವನು ನಾನೊಬ್ಬನೇ.

ಭಾನುವಾರ ಹೊರಡುವ ಮೊದಲು ಬ್ಯಾಗಿನಲ್ಲಿದ್ದ ಬೆಟಾಡಿನ್ ತೆಗೆದೆ, ಅದೇ ಗಾಯಕ್ಕೆ ಹಚ್ಚುವ ಅಯೋಡಿನ್ ಔಷಧಿ. ಎರಡು ಎಲೆಚೂರಿನ ಮೇಲೆ ಎರಡು ಅನ್ನ, ಎರಡಕ್ಕೂ ನೀರು ಬೆರೆಸಿದ ಒಂದೊಂದು ಹನಿ. ಮಲ್ಲಿಗೆ ಅನ್ನ ಕಪ್ಪುನೀಲಿಯಾಯಿತು. ಅಯೋಡಿನ್ ಅಮೈಲೋಸಿನ ಸುರುಳಿಯೊಳಗೆ ಹೊಕ್ಕು ಕೂತರೆ ಆ ಬಣ್ಣ. ಅಂಟನ್ನ ಇಟ್ಟಿಗೆಯ ಕೆಂಪಿಗಿಂತ ಮುಂದೆ ಹೋಗಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಅಮ್ಮ ಬಾಗಿ ನೋಡಿ ಮಗನಿಗೆ ಏನೋ ಹೇಳಿದರು. ಅವನು ನಕ್ಕು ನನಗೆ ತಿಳಿಸಿದ: "ಅನ್ನಕ್ಕೆ ಗಾಯ ಆಗಿದೆಯಾ ಅಂತ ಕೇಳ್ತಿದಾರೆ."